ನೀಲವ್ವನ ನಾಲಗೆ ಮತ್ತು ಕರಿಮಡ್ಡಿಯ ಬದನೆ

ಕರಿಮಡ್ಡಿ,
ಅಧಿಕ ಶ್ರಾವಣದ ಮೂವತ್ತೆರಡನೆಯ ದಿನ, ೨೩೬೪.

ಮುನ್ನೂರು ಚಿಲ್ಲರೆ ವರ್ಷ ಹಿಂದಿರುವ ಹಿರಿಯರಿಗೆ ಸಾಷ್ಟಾಂಗ ನಮಸ್ಕಾರಗಳು.

ಇಂಥ ತಾರೀಖು ನಿಮ್ಮ ಪಂಚಾಂಗದಲ್ಲಿ ಇರಲಾರದು. ನಮ್ಮಲ್ಲಿ ಊರಸಭೆ ತೀರ್ಮಾನಕ್ಕೆ ಬರುವ ತನಕ ತಿಂಗಳು ಮುಗಿಯುವುದಿಲ್ಲ. ಒಮ್ಮೆ ಆಷಾಢವೇ ಐವತ್ತು ದಿನ ನಡೆದು, ಮದುವೆಗೆ ಕಾದಿದ್ದ ಮೂರು ಜೋಡಿಗಳು ಸಭೆಗೆ ಬಂದು ಕೈಮುಗಿದಿದ್ದವು. ನನ್ನ ಮಾತುಗಳೂ ವಿಚಿತ್ರ ಅನ್ನಿಸಿದರೆ ಕ್ಷಮಿಸಬೇಕು. ನಾನು ಈ ಊರಿನ ತುತ್ತುಗಾರ. ಅಂದರೆ ಹೊಸ ಬೀಜ ಬಂದಾಗ ಅದರ ಪರವಾಗಿ ಮಾತಾಡುವ ಅಧಿಕಾರಿ. ಮಾತಾಡುವ ಮೊದಲು ಅದರ ಅಡುಗೆಯನ್ನು ಮನೆಮಂದಿಯೊಂದಿಗೆ ಸಭೆಯ ಎದುರು ಕೂತು ಉಣ್ಣಬೇಕು. ಉಂಡ ಮೇಲೆ ಬೀಜದ ಕೆಡುಕನ್ನು ಮೊದಲು, ಒಳಿತನ್ನು ಆಮೇಲೆ ಹೇಳಬೇಕು. ಹುದ್ದೆಗೆ ಓದು ಬೇಕು, ಅದಕ್ಕಿಂತ ಹೆಚ್ಚಾಗಿ ಗಟ್ಟಿ ಹೊಟ್ಟೆ ಬೇಕು.

ಈ ಪದ್ಧತಿ ಹುಟ್ಟಿದ್ದು ನಿಮ್ಮ ಕಾಲದ ಒಬ್ಬ ಸಾಹೇಬರ ಪುಣ್ಯದಿಂದ. ಹುಳ ಹತ್ತದ ಬದನೆಯನ್ನು ತಂದ ಅವರು ಗೋಡೆಯ ಮೇಲೆ ತೊಂಬತ್ತನಾಲ್ಕು ಚಿತ್ರ ತೋರಿಸಿ, ಅಪಾಯ ನಗಣ್ಯ ಎಂದರಂತೆ. ಕೊನೆಗೆ ಫಕೀರವ್ವ ಎಂಬ ಮುದುಕಿ ಎದ್ದು, "ಎಲ್ಲಾ ಛಲೋ ಐತ್ರಿ ಯಪ್ಪಾ. ನಿಮ್ಮ ಮನ್ಯಾಗ ಇದನ್ನ ತಿಂತೀರೇನ್ರಿ?" ಎಂದು ಕೇಳಿದಳು. ಸಾಹೇಬರು ಸತ್ಯವಂತರು. "ನನಗೆ ಬದನೆಕಾಯಿ ಸೇರೋದಿಲ್ಲಮ್ಮ, ಚಿಕ್ಕಂದಿನಿಂದಲೂ" ಎಂದುಬಿಟ್ಟರು. ಸಂಜೆಗೆ ಬಸ್‌ಸ್ಟ್ಯಾಂಡಿನಲ್ಲಿ ಸುದ್ದಿ: ಸಾಹೇಬರೇ ತಿನ್ನುವುದಿಲ್ಲವಂತೆ. ಮರುದಿನ: ತಿಂದವರ ಕೂದಲು ಉದುರಿತಂತೆ. ಮೂರನೆಯ ದಿನಕ್ಕೆ ಕಾಗೆಯೂ ಮೂಸುವುದಿಲ್ಲವಂತೆ. ಆ ಬೀಜ ನಮ್ಮೂರಿಗೆ ಮತ್ತೆ ಬರಲು ಎರಡು ಶತಮಾನ ಹಿಡಿಯಿತು. ನನಗೆ ಇಂದಿಗೂ ಬೆರಗು. ಬೀಜದ ಹೊಟ್ಟೆಯೊಳಗಿನ ಒಂದೊಂದು ಅಕ್ಷರವನ್ನೂ ಓದಬಲ್ಲ ಮಹಾನುಭಾವರು ನೀವು. ಎದುರಿಗೆ ಕೂತ ಅಜ್ಜಿಯ ಮುಖ ಮಾತ್ರ ಓದಲಾಗಲಿಲ್ಲ.

ಈಗ ನಮ್ಮ ಸಂಗತಿ. ಆ ಬೀಜ ಮರಳಿ ಬಂದ ಮೇಲೆ, ತೊಂಬತ್ತು ವರ್ಷಗಳಿಂದ ನಮ್ಮ ಬದನೆಗೆ ಯಾರೂ ಹುಳ ಕೊಲ್ಲುವ ಎಣ್ಣೆ ಹೊಡೆದಿಲ್ಲ. ಹೊಲದ ತುಂಬ ಜೇನಿನ ಸದ್ದು. ಕಳೆ ಕೀಳುವ ಹೆಂಗಸರು ಕಾಯಿ ಕಿತ್ತು ಸೆರಗಿಗೆ ಒರೆಸಿ ಹಸಿಯಾಗಿಯೇ ತಿನ್ನುತ್ತಾರೆ. ಬೆನ್ನಿಗೆ ಕಟ್ಟಿಕೊಳ್ಳುವ ನಿಮ್ಮ ಔಷಧದ ಡಬ್ಬಿ ಶಾಲೆಯಲ್ಲಿ ಸೇವಂತಿಗೆಯ ಕುಂಡವಾಗಿದೆ. ಆದರೆ ಹುಳವೂ ಓದುತ್ತದೆ. ಕಳೆದ ವರ್ಷ ಅದು ಪಾಸಾಗಿ ಕಾಯಿಯೊಳಗೆ ಮರಳಿ ಬಂತು. ಅದನ್ನು ತಡೆಯುವ ಹೊಸ ಬೀಜ ಇಮ್ಮಡಿ ಬದನೆ. ಸಭೆ ಅದನ್ನು ಬೇಡವೆಂದರೆ ಆ ಡಬ್ಬಿ ಮತ್ತೆ ಬೆನ್ನೇರಬೇಕು. ತೊಡಕು ಒಂದೇ: ತಿಂದು ನೋಡಿದ ಮೂರು ಸಾವಿರ ಮಂದಿಯಲ್ಲಿ ನಾಲ್ವರಿಗೆ ನಾಲಗೆ ತುರಿಸಿತು. ಏಕೆಂದು ಯಾರಿಗೂ ತಿಳಿಯದು. ಆ ನಾಲ್ವರಲ್ಲಿ ಒಬ್ಬಳು ನನ್ನ ಹೆಂಡತಿ ನೀಲವ್ವ.

ತಪ್ಪೊಪ್ಪಿಕೊಳ್ಳುತ್ತೇನೆ. ಊಟದ ದಿನ ಅವಳ ತಾಟಿಗೆ ಗುಟ್ಟಾಗಿ ಹಳೆಯ ಬದನೆಯ ಎಣ್ಣೆಗಾಯಿ ಬಡಿಸಿದೆ. ಅವಳಿಗೂ ತೊಂದರೆಯಿಲ್ಲ, ಬೀಜಕ್ಕೂ ತೊಂದರೆಯಿಲ್ಲ ಎಂಬ ಲೆಕ್ಕ. ನೀಲವ್ವ ಒಂದು ತುತ್ತು ಬಾಯಿಗಿಟ್ಟು ಎದ್ದು ನಿಂತಳು.

"ನಮ್ಮ ಯಜಮಾನ್ರು ನನ್ನ ತಾಟಿಗೆ ಹಳೇದು ಹಾಕ್ಯಾರ, ನೋಡ್ರೆಪಾ. ಹೊಸಾದು ತಿಂದ್ರ ನನ್ನ ನಾಲಗಿ ತುರಸ್ತೈತಿ. ಯಾಕಂತ ಈ ಶ್ಯಾಣ್ಯಾರಿಗೂ ಗೊತ್ತಿಲ್ಲ."

ಸೇವಂತಿಗೆಯ ಕುಂಡ ಮತ್ತೆ ಬೆನ್ನೇರಿದಂತೆ ನನ್ನ ಕಣ್ಮುಂದೆ ಬಂತು. ಹೊಸ ಬೀಜವನ್ನು ಮೊದಲಿನಿಂದಲೂ ವಿರೋಧಿಸುತ್ತಿದ್ದ ದ್ಯಾಮಣ್ಣಜ್ಜ ಗಂಟಲು ಸರಿಮಾಡಿಕೊಂಡ.

"ಎಷ್ಟೊತ್ತು ತುರಸ್ತೈತ್ಬೇ?"

"ಎಲಿ-ಅಡಕಿ ಹಾಕ್ಕೊಂಡು ಉಗಳೂಮಟ."

"ಮಜ್ಜಿಗಿ ಕುಡದ್ರ?"

"ಕಡಿಮಿ ಆಗತೈತಿ."

"ಹಂಗಾರ ನಿನ್ ಗಂಡಗಿಂತ ಕಮ್ಮಿ ತ್ರಾಸಿಂದು ಬಿಡು."

ಸಭೆ ನಕ್ಕಿತು. ನಾನೂ ನಕ್ಕೆ, ಬೇರೆ ದಾರಿಯಿರಲಿಲ್ಲ. ಆಮೇಲೆ ಶುರುವಾದ ಪ್ರಶ್ನೆಗಳು ಇವತ್ತಿನವರೆಗೆ ನಡೆದವು. ಮಕ್ಕಳಿಗೆ ತುರಿಸಿದರೆ? ಬೀಗರು ಉಣ್ಣಲು ಬಂದರೆ? ಬಹಳ ಕಡೆ ನಾನು "ಗೊತ್ತಿಲ್ಲ" ಎನ್ನಬೇಕಾಯಿತು. ಹಾಗೆಂದಾಗಲೆಲ್ಲ ದ್ಯಾಮಣ್ಣಜ್ಜ ತಲೆದೂಗುತ್ತಿದ್ದ, ಸಂಗೀತ ಕೇಳುವವರಂತೆ. ಇಂದು ತೀರ್ಮಾನವಾಯಿತು: ಈ ವರ್ಷ ಹನ್ನೆರಡು ಹೊಲಗಳಲ್ಲಿ ಮಾತ್ರ ಬಿತ್ತನೆ, ಕಾವಲು ಆ ನಾಲ್ಕು ನಾಲಗೆಗಳದ್ದು. ಅವರು ನಿಲ್ಲಿಸಿ ಎಂದರೆ ನಿಲ್ಲಿಸಬೇಕು. ನಮ್ಮ ಕಾಲದಲ್ಲಿ ಕರೆದರೆ ಮೋಡವೂ ಬರುತ್ತದೆ; ಅದನ್ನು ಕಂಡಾಗಲೂ ನನ್ನ ಮೈ ಜುಮ್ಮೆಂದಿರಲಿಲ್ಲ. ಕೆಡುಕನ್ನು ಪೂರ್ತಿ ಕೇಳಿಯೂ ಓಡದೆ ಕೂತ ಊರನ್ನು ಕಂಡಾಗ ಜುಮ್ಮೆಂದಿತು.

ತಾಟು ಬದಲಿಸಿದ್ದಕ್ಕೆ ನನ್ನ ಹುದ್ದೆ ಒಂದು ವರ್ಷ ಅಮಾನತು. ಆ ಅವಧಿಯಲ್ಲಿ ಸಭೆಯ ತಾಟುಗಳನ್ನು ತೊಳೆಯಬೇಕು. ನ್ಯಾಯವಾಗಿಯೇ ಇದೆ.

ಕೊನೆಗೆ ಒಂದು ವಿನಂತಿ. ಇದನ್ನು ಪಕ್ಕದಲ್ಲಿ ಕೂತು ಬರೆಸುತ್ತಿರುವವಳು ನೀಲವ್ವ. ಹೊಸ ಬೀಜದ ವಿಷಯ ತಿಳಿಸಲು ಇನ್ನೊಮ್ಮೆ ಸಾಹೇಬರನ್ನು ಕಳಿಸುವಾಗ ಅವರೊಬ್ಬರನ್ನೇ ಕಳಿಸಬೇಡಿ. ನಾಲಗೆ ತುರಿಸುವ ಒಬ್ಬರನ್ನು ಜೊತೆಗೆ ಕಳಿಸಿ, ಮೊದಲ ಮಾತು ಅವರಿಗೆ ಬಿಡಿ.

ನಾಳೆ ತಿಂಗಳು ಮುಗಿಯುತ್ತದೆ. ತಾಟುಗಳು ಕಾದಿವೆ, ಏಳುತ್ತೇನೆ.

ನಿಮ್ಮ ಮರಿಮಕ್ಕಳ ಮರಿಮಗ,
ಮಡಿವಾಳಪ್ಪ,
ತುತ್ತುಗಾರ (ಅಮಾನತಿನಲ್ಲಿ)