ಬಸ್ ನಿಲ್ದಾಣದ ಗೋಡೆಯ ನಗು

ಫೋಟೊ ತೆಗೆದ ಅಣ್ಣನಿಗೆ ಟೈಲರ್ ಅಂಗಡಿಯವಳ ನಮಸ್ಕಾರ.

ಬಸ್ ನಿಲ್ದಾಣದ ಗೋಡೆಗೆ ನಮ್ಮ ಬೀದಿಯವರ ಮುಖಗಳನ್ನು ಆಳೆತ್ತರಕ್ಕೆ ಅಂಟಿಸಿದಿರಿ. ನನ್ನ ನಗು ಚೆನ್ನಾಗಿ ಬಂದಿದೆ ಎಂದು ಎಲ್ಲರೂ ಹೇಳುತ್ತಾರೆ. ಅವತ್ತು ನಾನು ನಕ್ಕಿದ್ದು ನಿಮ್ಮನ್ನು ನೋಡಿ ಅಲ್ಲ, ನಿಮ್ಮ ಬೆನ್ನ ಹಿಂದೆ ಹೊರಟು ನಿಂತಿದ್ದ ಬಸ್ಸನ್ನು ನೋಡಿ.

ಹೋದ ವಾರ ಒಂದು ಚೀಲ ಹಿಡಿದು ಅದೇ ಬಸ್ಸು ಹತ್ತಿದೆ. ಕಂಡಕ್ಟರ್ ಗುರುತು ಹಿಡಿದ. "ಗೋಡೆ ಮೇಲಿರೋ ಟೈಲರಕ್ಕ ಅಲ್ವಾ ನೀವು? ಒಬ್ರೇ ಎಲ್ಲಿಗೆ ಹೊರಟ್ರಿ? ಇರಿ, ಅಂಗಡಿಗೆ ಫೋನ್ ಮಾಡ್ತೀನಿ, ಭಾವ ಬರ್ಲಿ" ಎಂದ. ಒಳ್ಳೆಯವನೇ ಪಾಪ. ನಮ್ಮ ಮನೆಯವರು ಬಂದು, ಎಲ್ಲರೆದುರು ನಗುತ್ತಾ ಚೀಲ ಹೊತ್ತುಕೊಂಡರು. ಮನೆಗೆ ಬಂದು ಬಾಗಿಲು ಹಾಕಿ, "ಇನ್ಮೇಲೆ ನಿನ್ನ ಕಾಯೋಕೆ ಊರೇ ಇದೆ" ಎಂದರು. ನನ್ನ ಮುಖದ ಬಾವು ಈಗ ಇಳಿದಿದೆ. ಗೋಡೆಯ ಮುಖಕ್ಕೆ ಏನೂ ಆಗಿರಲಿಲ್ಲ.

ಕಿತ್ತುಬಂದ ಚಿತ್ರಗಳನ್ನು ಸರಿಮಾಡಲು ಭಾನುವಾರ ಬರುತ್ತೀರಂತೆ. ನನ್ನದು ಗದ್ದದಿಂದ ಮೂಗಿನವರೆಗೆ ಹೋಗಿದೆ. ಯಾರಾದರೂ ಕೇಳಿದರೆ ಗಾಳಿಗೆ ಎನ್ನಿ. ನೀರು ತರಲು ಹೋದಾಗಲೆಲ್ಲ ಉಗುರಿನಿಂದ ಇಷ್ಟಿಷ್ಟೇ ಕೀಳುತ್ತಿದ್ದೇನೆ. ಇನ್ನು ಕಣ್ಣುಗಳು ಮಾತ್ರ ಉಳಿದಿವೆ.

ದಯವಿಟ್ಟು ಅಂಟು ಹಚ್ಚಬೇಡಿ.

ಇಂತಿ,
ನಿಮ್ಮ ಗೋಡೆಯವಳು