ಪಾರ್ಕಿನ ಗೇಟಿನಲ್ಲಿ ನಿನ್ನ ಸಹಿ

ಅಪ್ಪಾ,

ನೀನು ಹೋಗಿ ವರ್ಷ ತುಂಬಲು ಇನ್ನೂ ಕೆಲವು ವಾರ ಇರುವಾಗ ನಿನ್ನ ಕೈಬರಹ ನನ್ನ ಕಣ್ಣಿಗೆ ಬಿತ್ತು. ನಮ್ಮ ಪಾರ್ಕಿನ ವಾಚ್‌ಮನ್ ಕೋಣೆಯಲ್ಲಿ, ಪ್ಲಾಸ್ಟಿಕ್ ಹೊದಿಸಿ ಗೋಡೆಗೆ ಅಂಟಿಸಿದ ಒಂದು ಹಾಳೆಯ ಮೇಲೆ. ಈ ವಿಷಯವನ್ನು ನಿನಗಲ್ಲದೆ ಇನ್ಯಾರಿಗೆ ಬರೆಯಲಿ?

ತಾರ್ನಾಕದ ನಮ್ಮ ಮನೆಯೆದುರಿನ ಆ ಜಾಗ ಕಸದ ಗುಡ್ಡವಾಗಿದ್ದದ್ದು ನೆನಪಿದೆಯಾ? ನೀರಾವರಿ ಇಲಾಖೆಯಿಂದ ನಿವೃತ್ತನಾದ ಮರುವಾರವೇ ನೀನು ಸಲಿಕೆ ಹಿಡಿದು ಅಲ್ಲಿಗಿಳಿದೆ. ಕಾಲೊನಿಯವರು ಬಾಲ್ಕನಿಯಲ್ಲಿ ನಿಂತು ನೋಡಿದರು. ಕೈಜೋಡಿಸಿದವಳು ಶಾಂತವ್ವ ಒಬ್ಬಳೇ. ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದು, ಪಕ್ಕದ ತಗಡಿನ ಶೆಡ್ಡಿನಲ್ಲಿದ್ದವಳು. ಈ ತೆಲುಗು ಊರಿನಲ್ಲಿ ನಿನ್ನ ಬಾಯಲ್ಲಿ ಕನ್ನಡ ಕೇಳಿ, "ಸಾಹೇಬ್ರು ನಮ್ಮ ಕಡ್ಯಾವ್ರ ಅದಾರ" ಎಂದು ಬುಟ್ಟಿ ಎತ್ತಿಕೊಂಡು ಬಂದಳು. ಬೇವಿನ ಸಸಿಗೆ ಗುಂಡಿ ತೋಡಿದವಳು ಅವಳು, ನೀರು ಹೊತ್ತವಳು ಅವಳು. ಬಂದವರಿಗೆಲ್ಲ ನೀನು ಹೇಳುತ್ತಿದ್ದೆ: "ಗಾಳಿ, ನೆರಳು ಯಾರ ಅಪ್ಪನ ಆಸ್ತೀನೂ ಅಲ್ಲ." ಆ ಮಾತು ಕೇಳಿಕೊಂಡೇ ಬೆಳೆದವಳ ಹಾಗೆ ನಾನು ಅದನ್ನು ಎಲ್ಲೆಡೆ ಹೇಳಿಕೊಂಡು ತಿರುಗಿದೆನಲ್ಲ...

ಮೂರು ತಿಂಗಳ ಹಿಂದೆ ಶಾಂತವ್ವನ ಮಗಳು ಮಂಜುಳಾ ಚೊಚ್ಚಲ ಹೆರಿಗೆಗೆಂದು ಬಂದಳು. ಶಾಂತವ್ವ ಈಗ ನಮ್ಮನೆಯೂ ಸೇರಿ ನಾಲ್ಕು ಮನೆಗಳಲ್ಲಿ ಕೆಲಸ ಮಾಡುತ್ತಾಳೆ, ಹಿಂದಿನ ಗಲ್ಲಿಯಲ್ಲಿ ಒಂದು ಕೋಣೆಯ ಬಾಡಿಗೆ ಮನೆ. ಮಂಜುಳಾಳ ಕಾಲು ಬಾತಿತ್ತು. ಕೋಠಿಯ ಸರ್ಕಾರಿ ಹೆರಿಗೆ ಆಸ್ಪತ್ರೆಯ ಡಾಕ್ಟರಮ್ಮ ದಿನಾ ಎರಡು ಹೊತ್ತು ನಡೆಯಲೇಬೇಕು ಎಂದಿದ್ದರು. ಗಲ್ಲಿಯಲ್ಲಿ ನಡೆಯಲು ಹೋಗಿ ಸ್ಕೂಟರ್ ತಾಗಿ ಬಿದ್ದಳು. ಪುಣ್ಯಕ್ಕೆ ಮೊಣಕೈ ತರಚಿದ್ದಷ್ಟೇ. "ಎದುರಿಗೇ ಪಾರ್ಕ್ ಐತಿ, ಅಲ್ಲಿ ಅಡ್ಡಾಡ್ಲಿ" ಅಂದೆ. ಶಾಂತವ್ವ ಕಸಬರಿಗೆ ಎತ್ತಿಕೊಂಡು ಒಳಕೋಣೆಗೆ ಹೋದಳು.

ಮರುದಿನ ಸಂಜೆ ಕಾಲೇಜಿನ ಕೆಲಸ ಮುಗಿಸಿ ಬರುವಾಗ ನೋಡುತ್ತೇನೆ, ಏಳು ತಿಂಗಳ ಬಸುರಿ ಗೇಟಿನ ಹೊರಗೆ ಸರಳು ಹಿಡಿದು ನಿಂತಿದ್ದಾಳೆ. ಒಳಗೆ ಕಾಲೊನಿಯ ಹೆಂಗಸರು ನಡೆಯುತ್ತಿದ್ದಾರೆ. ನಾನು ವಾಚ್‌ಮನ್ ಮೇಲೆ ರೇಗಿದೆ. ಆತ ಬಡಪಾಯಿ, "ರೂಲ್ ಅಮ್ಮಾ, ನೇನೇಂ ಚೇಸ್ತಾನು?" ತಾನೇನು ಮಾಡಲಿ ಎನ್ನುತ್ತ ಗೋಡೆ ತೋರಿಸಿದ. ಅದನ್ನು ಅಂಟಿಸಿದ ಮೇಲೂ ಒಂದು ವರ್ಷಕ್ಕೂ ಹೆಚ್ಚು ಕಾಲ ಆ ಗೇಟು ದಾಟಿದ್ದೇನೆ. ನನ್ನನ್ನು ಯಾರೂ ತಡೆದಿರಲಿಲ್ಲವಲ್ಲ, ಆ ಹಾಳೆ ಓದುವ ಪ್ರಸಂಗವೇ ಬಂದಿರಲಿಲ್ಲ. ಮನೆಗೆಲಸದವರು, ಡ್ರೈವರುಗಳು, ಕೂಲಿಯವರು ಕೆಲಸದ ಹೊರತು ಒಳಗೆ ಬರಕೂಡದು; ಹುಲ್ಲಿನ ಮೇಲಾಗಲಿ ಬೆಂಚಿನ ಮೇಲಾಗಲಿ ಕೂಡಕೂಡದು. ಮೇಲೆ ಇಂಗ್ಲಿಷು, ಕೆಳಗೆ ತೆಲುಗು. ಎರಡೂ ನಿನ್ನ ಅಕ್ಷರ. ಕೊನೆಯಲ್ಲಿ ನಿನ್ನ ಸಹಿ.

ಬೇರೆ ಯಾರೋ ನಿನ್ನಿಂದ ಒತ್ತಾಯದಿಂದ ಬರೆಸಿಕೊಂಡಿರಬೇಕು ಎಂದುಕೊಂಡು, ಅಂದೇ ಕಾಲೊನಿ ಸಮಿತಿಯ ಮೂರ್ತಿ ಅಂಕಲ್ ಮನೆಗೆ ಓಡಿದೆ. ಅವರು ಕನ್ನಡಕ ಒರೆಸಿಕೊಂಡು ನಿಧಾನವಾಗಿ ಹೇಳಿದರು: ಕೂಲಿಯವರು ಮಧ್ಯಾಹ್ನ ಬಂದು ಬುತ್ತಿ ಬಿಚ್ಚುತ್ತಾರೆ, ಮಲಗುತ್ತಾರೆ ಎಂದು ಕೆಲವು ಮನೆಗಳವರು ಗಲಾಟೆ ಮಾಡಿದರಂತೆ, ಪಾರ್ಕಿಗೆ ಬೀಗ ಹಾಕಿಸುತ್ತೇವೆ ಅಂದರಂತೆ. "ನಿಮ್ಮಪ್ಪ ಎರಡು ಸಭೆಗಳಲ್ಲಿ ಒಪ್ಪಲಿಲ್ಲಮ್ಮಾ. ಮೂರನೆಯ ಸಭೆಯಲ್ಲಿ ತಾವೇ ಪೆನ್ನು ತೆಗೆದು ಬರೆದರು." ಮೂರನೆಯ ಸಭೆಗೆ ಹೋಗುವಾಗ ಏನು ಯೋಚಿಸಿದ್ದೆ ಅಪ್ಪಾ? ಗಿಡ ಉಳಿದರೆ ಸಾಕು ಅಂತಲಾ?

ಮರುದಿನ ಶಾಂತವ್ವ ಪಾತ್ರೆ ತೊಳೆಯುತ್ತಿದ್ದಾಗ ಕೇಳಿದೆ. ಅವಳು ನಲ್ಲಿ ನಿಲ್ಲಿಸಲಿಲ್ಲ.

"ನನಗ ಗೊತ್ತೈತ್ರಿ ಅಕ್ಕಾರ. ಸಾಹೇಬ್ರ ಕರದು ಹೇಳಿದ್ರು. ಗಿಡಕ್ಕ ನೀರ ಹಾಕಾಕ ಬಾ ಶಾಂತವ್ವ, ಕೂಡಾಕ ಬರಬ್ಯಾಡ ಅಂದ್ರು."

"ನೀ ಏನಂದಿ?"

"ಏನನ್ಲಿರಿ? ಹೂಂ ಅಂದ್ನಿ. ಅವರ ಮುಖ ನೋಡಾಕ ಆಗ್ಲಿಲ್ಲ ನನಗ."

"ಇಷ್ಟ ದಿನ ನನಗ್ಯಾಕ ಹೇಳ್ಲಿಲ್ಲ?"

ಆಗ ತಿರುಗಿ ನೋಡಿದಳು. "ಸತ್ತವರ ಮ್ಯಾಲ ಚಾಡಿ ಹೇಳ್ಲೇನ್ರಿ?"

ನಿನಗೆ ಪಾರ್ಶ್ವವಾಯು ಬಡಿದ ಆ ಕೊನೆಯ ದಿನಗಳು ಒಮ್ಮೆಲೇ ಕಣ್ಣಮುಂದೆ ಬಂದವು. ದಿನಾ ಸಂಜೆ ನಿನ್ನನ್ನು ಎತ್ತಿ ಗಾಲಿಕುರ್ಚಿಯಲ್ಲಿ ಕೂಡಿಸಿ, ಪಾರ್ಕಿನವರೆಗೆ ತಳ್ಳಿಕೊಂಡು ಬರುತ್ತಿದ್ದವಳು ಅವಳೇ. ಗೇಟಿಗೆ ಬಂದೊಡನೆ ಹಿಡಿಕೆ ನನ್ನ ಕೈಗೆ ಕೊಟ್ಟು, "ನೀವ ಹೋಗ್ರಿ, ನನಗ ಕೆಲಸ ಐತಿ" ಎಂದು ರಸ್ತೆಯಂಚಿನಲ್ಲಿ ಉಳಿಯುತ್ತಿದ್ದಳು. ನಿಜಕ್ಕೂ ಕೆಲಸವಿದೆ ಎಂದು ನಾನು ನಂಬಿದ್ದೆ. ಮುಕ್ಕಾಲು ಗಂಟೆಯ ನಂತರ ಅದೇ ಜಾಗದಲ್ಲಿ ನಿಂತಿರುತ್ತಿದ್ದಳು, ನಿನ್ನನ್ನು ವಾಪಸು ಕರೆದೊಯ್ಯಲು. ನಿನಗೆ ಮಾತು ಹೋಗಿತ್ತು, ಸರಿ. ಬಲಗೈ ಇತ್ತಲ್ಲ? ಒಂದೇ ಒಂದು ಸಲ ಕೈಸನ್ನೆ ಮಾಡಿ ಅವಳನ್ನು ಒಳಗೆ ಕರೆಯಬಹುದಿತ್ತಲ್ಲ ಅಪ್ಪಾ? ಗೇಟು ಬಂದಾಗ ನೀನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಬಿಸಿಲಿಗೆ ಅಂತ ನಾನು...

ಮುಂದಿನ ಭಾನುವಾರ ಸಮಿತಿಯ ಸಭೆ ಇತ್ತು. ನಿನ್ನ ವರ್ಷದ ದಿನ ಪಾರ್ಕಿಗೆ ನಿನ್ನ ಹೆಸರಿಡಬೇಕೆಂದು ಅವರೇ ಯೋಚಿಸಿದ್ದರು, ಫಲಕದ ನಮೂನೆಯೂ ತಯಾರಾಗಿತ್ತು. ಎದ್ದು ನಿಂತು ಹೇಳಿದೆ: "ಆ ನಿಯಮ ತೆಗೆಯಿರಿ. ಇಲ್ಲದಿದ್ದರೆ ಅಪ್ಪನ ಹೆಸರು ಬೇಡ." ನಾಚಿಕೊಂಡು ತೆಗೆಯುತ್ತಾರೆ ಎಂದು ಖಾತ್ರಿಯಿತ್ತು ನನಗೆ. ಮೂರ್ತಿ ಅಂಕಲ್ ಕೈಯೆತ್ತಿಸಿದರು. ಹನ್ನೆರಡು ಜನರಲ್ಲಿ ಹತ್ತು ಜನ ನಿಯಮ ಇರಲಿ, ಹೆಸರು ಬಿಡೋಣ ಅಂದರು. ನೀನು ಮನೆಮನೆ ಅಲೆದು ಸಸಿ ಹಂಚಿದವರೇ ಅಪ್ಪಾ, ನಿನ್ನ ತಿಥಿಗೆ ಬರುವವರೇ.

ಅಂದು ಮನೆಗೆ ಬಂದು ಅಳಲಿಲ್ಲ. ನಿನ್ನ ಹಳೆಯ ಟ್ರಂಕಿನಿಂದ ಲೇಔಟ್ ನಕ್ಷೆ ತೆಗೆದುಕೊಂಡು ಮರುದಿನ ನಗರಪಾಲಿಕೆಯ ಕಚೇರಿಗೆ ಹೋದೆ, ನಾಲ್ಕು ಸಲ ಹೋದೆ. ಜಾಗ ಸಾರ್ವಜನಿಕರದು, ತಡೆಯುವ ಹಕ್ಕು ಕಾಲೊನಿಗಿಲ್ಲ ಎಂದು ಕೊನೆಗೂ ಅವರು ಪತ್ರ ಕೊಟ್ಟರು. ವಾಚ್‌ಮನ್ ಆ ಹಾಳೆ ಕಿತ್ತು ನನ್ನ ಕೈಗಿಟ್ಟ. ನನ್ನ ಬಳಿಯೇ ಇದೆ. ಹರಿಯಲಾಗಲಿಲ್ಲ, ನಿನ್ನ ಅಕ್ಷರ ಅಲ್ಲವಾ? ಈಗ ಪಕ್ಕದ ಮನೆಯವರು ನನ್ನೊಡನೆ ಮಾತು ಬಿಟ್ಟಿದ್ದಾರೆ. ಮಂಜುಳಾ ಬಂದರೆ ಕೆಲವರು ಎದ್ದು ಹೋಗುತ್ತಾರೆ. ಅವಳು ಮಾತ್ರ ಹೊಟ್ಟೆ ಹಿಡಿದುಕೊಂಡು ನಡೆದೇ ನಡೆದಳು. ಹೆಣ್ಣು ಮಗು ಹುಟ್ಟಿದೆ ಅಪ್ಪಾ. ಇಬ್ಬರೂ ಆರಾಮಾಗಿದ್ದಾರೆ.

ನಿನ್ನೆ ಬೆಳಿಗ್ಗೆ ಶಾಂತವ್ವ ಮೊಮ್ಮಗಳನ್ನು ಎಳೆಬಿಸಿಲಿಗೆ ಹಿಡಿಯಲು ಒಳಗೆ ಬಂದಳು. ಬಂದವಳು ನಿಂತೇ ಇದ್ದಳು.

"ಕೂಡು ಶಾಂತವ್ವ."

"ಬ್ಯಾಡ್ರಿ ಅಕ್ಕಾರ. ಸಾಹೇಬ್ರು..."

"ಸಾಹೇಬ್ರ ತಪ್ಪು ಮಾಡಿದ್ರು. ಅವರ ಮಗಳು ಹೇಳಾಕತ್ತೀನಿ, ಕೂಡು."

ನಿನ್ನ ಬಗ್ಗೆ ಮೊದಲ ಸಲ ಆ ಮಾತು ಬಾಯಿಬಿಟ್ಟು ಆಡಿದೆ. ಬೇಜಾರು ಮಾಡಿಕೊಳ್ಳಬೇಡ. ಅವಳು ಕೂತಳು, ಬೆಂಚಿನ ತುದಿಯಲ್ಲಿ, ಯಾರಾದರೂ ಗದರಿದರೆ ಥಟ್ಟನೆ ಏಳಲು ಬರುವ ಹಾಗೆ. ನಾಳೆಯೂ ಕರೆತರುತ್ತೇನೆ, ನಾಡಿದ್ದೂ. ಅವಳು ಬೆನ್ನು ಒರಗಿಸಿ ಕೂಡುವ ತನಕ.

ನಿನ್ನ ಮಗಳು,
ವಿದ್ಯಾ