ಏಳು ಪಾಲಾದ ಇಪ್ಪತ್ತೆಂಟು ಕ್ಯಾಪ್ಸೂಲು

ಸಿ.ಎಸ್. ಪುರ, ಗುಬ್ಬಿ ತಾಲ್ಲೂಕು
15-9-2024, ಭಾನುವಾರ

ಪ್ರೀತಿಯ ಅಳಿಯ ಕಾಂತೇಶನಿಗೆ, ನಿನ್ನ ಸೋದರಮಾವ ಗುಂಡಯ್ಯ ಇಲ್ಲಿಂದಲೇ ನಿನ್ನ ತಲೆ ಮೇಲೆ ಕೈಯಿಟ್ಟು ಬರೆಯುವುದು.

ಮೊದಲು ಒಂದು ಮಾತು ತಿಳಿದಿರಲಿ. ಈ ಕಾಗದ ಬರೆಯುತ್ತಿರುವವನು ತನ್ನ ಐವತ್ತಾರು ವರ್ಷದ ಆಯುಸ್ಸಿನಲ್ಲಿ ಒಂದೇ ಒಂದು ಮಾತ್ರೆ ನುಂಗಿದವನಲ್ಲ. ಜ್ವರ ನಮ್ಮ ಬೀದಿಗೆ ಬಂದರೂ ನನ್ನ ಮೀಸೆ ನೋಡಿ ಪಕ್ಕದ ಮನೆಗೆ ಹೋಗುತ್ತದೆ. ಗುಬ್ಬಿಯಿಂದ ಕುಣಿಗಲ್‌ವರೆಗೆ ಯಾರನ್ನು ಬೇಕಾದರೂ ಕೇಳು, ಇದನ್ನೇ ಹೇಳುತ್ತಾರೆ. ಇಂಥವನಿಗೇ ಈ ಗತಿ ಬಂತಲ್ಲ ಎಂಬ ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಅದಕ್ಕೆ ಸಿಟ್ಟೇ ಕಾರಣ, ಕೈಯಲ್ಲ.

ನಿನ್ನ ಮೈ ಹೇಗಿದೆ? ಕಲಬುರಗಿಯ ಬಿಸಿಲು ಒಗ್ಗಿತೇ? ಮುದ್ದೆ ತಿಂದು ಬೆಳೆದ ಹೊಟ್ಟೆ ಜೋಳದ ರೊಟ್ಟಿಗೆ ಜಗಳ ಮಾಡುತ್ತಿಲ್ಲ ತಾನೆ? ಅಕ್ಕ ಚೆನ್ನಾಗಿದ್ದಾಳೆ. ಮಗ ಪೊಲೀಸ್ ಆಗುತ್ತಾನೆ ಎಂದು ಈಗಲೇ ಅಂಗಡಿಯವರನ್ನೆಲ್ಲ ಹೆದರಿಸಿಕೊಂಡು ತಿರುಗುತ್ತಾಳೆ. ಭಾನುವಾರ ನಿನಗೆ ಅರ್ಧ ಗಂಟೆ ಫೋನು ಕೊಡುತ್ತಾರಲ್ಲ, ಆಗ ಅವಳು ಸ್ಪೀಕರ್ ಹಾಕಿ ಜಗುಲಿ ಮೇಲೆ ಇಡುತ್ತಾಳೆ, ಬೀದಿಯೇ ಕೇಳಿಸಿಕೊಳ್ಳುತ್ತದೆ. ತೊಡೆಸಂದಿಯ ವಿಷಯವನ್ನು ಬೀದಿಯ ಮುಂದೆ ಮಾತಾಡುವುದು ಹೇಗೆ? ಅದಕ್ಕೇ ಈ ಕಾಗದ. ಗುರುವಾರ ನಿನ್ನ ಪತ್ರ ಬಂತು. ಹುಳುಕಡ್ಡಿ ತೊಡೆಯಿಂದ ಸೊಂಟ ಸುತ್ತಿ ಬೆನ್ನಿಗೆ ಏರಿದೆ, ಓಡುವಾಗ ಬೆಂಕಿ ಇಟ್ಟ ಹಾಗೆ ಉರಿಯುತ್ತದೆ, ಎರಡು ಸಲ ಓಟದಲ್ಲಿ ಹಿಂದೆ ಬಿದ್ದೆ, ಹೀಗೇ ಆದರೆ ಮುಂದಿನ ಬ್ಯಾಚಿಗೆ ತಳ್ಳುತ್ತಾರೆ ಎಂದು ಬರೆದಿದ್ದೀಯ. ಕೊನೆಗೆ, ‘ಮಾವ, ನೀನು ಕೊಟ್ಟ ಟ್ಯೂಬು ಖಾಲಿ ಆಗ್ತಾ ಬಂತು, ಇನ್ನೂ ನಾಲ್ಕು ಕಳ್ಸು’ ಎಂದಿದ್ದೀಯ. ಆ ಟ್ಯೂಬಿನ ವಿಷಯಕ್ಕೆ ಬರುತ್ತೇನೆ. ಅವಸರ ಮಾಡಬೇಡ. ಅದಕ್ಕೆ ಮೊದಲು ನನಗಾದ ಅನ್ಯಾಯವನ್ನು ನೀನು ಪೂರ್ತಿ ಓದಬೇಕು.

ಇದಕ್ಕೆಲ್ಲ ಮೂಲ ನಾಟಕಕ್ಕೆ ಡ್ರೆಸ್ಸು ಬಾಡಿಗೆಗೆ ಕೊಡುವ ಆ ಗಂಗಾಧರ. ಏಪ್ರಿಲ್‌ನಲ್ಲಿ ನಾವು ಆಡಿದ ನಾಟಕವನ್ನು ನೀನು ಮರೆತಿರಲಾರೆ. ರಾಜಾಪಾರ್ಟು ನನ್ನದು. ನಾನು ಸಿಂಹಾಸನದಿಂದ ಎದ್ದು ಕಂದಪದ್ಯ ಹಾಡಿದಾಗ ಮೂರು ಸಲ ಒನ್ಸ್‌ಮೋರ್ ಬಂತು, ಮೂರನೆಯದನ್ನು ಕೂಗಿದವನು ನೀನೇ ಎಂದು ಕೆಲವರು ಆಡಿಕೊಳ್ಳುತ್ತಾರೆ, ಅದು ಹೊಟ್ಟೆಕಿಚ್ಚು. ಸೇವಕನ ಪಾರ್ಟಿನವನು ಬಾರದೆ ಕೈಕೊಟ್ಟಾಗ ನಿನಗೇ ಚಲ್ಲಣ ತೊಡಿಸಿ, ಕೈಗೆ ಭರ್ಜಿ ಕೊಟ್ಟು ಬಾಗಿಲಲ್ಲಿ ನಿಲ್ಲಿಸಿದೆವು. ಆ ಮಖಮಲ್ಲಿನ ಚಲ್ಲಣಗಳೇ ನಮ್ಮ ಕೇಡು. ಹಿಂದಿನ ದಿನ ಅಮೃತೂರಿನ ಕಡೆ ಬೇರೆ ರಾಜ, ಬೇರೆ ಸೇವಕರು ಬೆವರು ಸುರಿಸಿ ಬಿಚ್ಚಿದ್ದನ್ನು ಹಸಿಹಸಿಯಾಗಿ ಟ್ರಂಕಿಗೆ ತುಂಬಿ ನಮ್ಮ ಮೈಗೆ ಹಾಕಿದ. ಒಗೆದರೆ ಜರಿ ಕಪ್ಪಾಗುತ್ತದಂತೆ. ಆಮೇಲೆ ನಾನು ಹಿಡಿದು ಕೇಳಿದರೆ, ‘ಹನ್ನೆರಡು ವರ್ಷದಿಂದ ನೀರ್ ಕಾಣಿಸಿಲ್ಲ ಗುಂಡಣ್ಣ, ಅದ್ಕೇ ಬಣ್ಣ ಹಂಗದೆ’ ಎಂದು ಹೆಮ್ಮೆಯಿಂದ ಹೇಳುತ್ತಾನೆ.

ಮೇ ತಿಂಗಳಿಗೆ ಕೆರೆತ ಶುರುವಾಯಿತು. ರಾಜನಿಗೆ ಮಾತ್ರವಲ್ಲ, ಮಂತ್ರಿಗೆ, ಸೇನಾಪತಿಗೆ, ಇಬ್ಬರು ಸಾಮಂತರಿಗೆ, ವಿದೂಷಕನಿಗೆ, ಸ್ತ್ರೀಪಾರ್ಟು ಮಾಡಿದ ಮುತ್ತುರಾಜನಿಗೂ. ಒಟ್ಟು ಏಳು ಜನ. ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ. ಟೀ ಅಂಗಡಿಯ ಬೆಂಚಿನ ಮೇಲೆ ಕೂತು ಎಲ್ಲರೂ ತೊಡೆ ಒತ್ತಿಕೊಂಡು ಮಳೆ ಬೆಳೆ ಮಾತಾಡುತ್ತಿದ್ದೆವು. ನಾನು ಗುಬ್ಬಿಗೆ ಹೋಗಿ ಒಂದು ಮೆಡಿಕಲ್ ಸ್ಟೋರಿನಲ್ಲಿ ಕೆರೆತ ಎಂದೆ, ಅಷ್ಟೆ. ಎಲ್ಲಿ ಎಂದು ಕೇಳಲಿಲ್ಲ, ಡಾಕ್ಟರ ಚೀಟಿ ಕೇಳಲಿಲ್ಲ, ಟ್ಯೂಬು ಕೊಟ್ಟ. ಎಂಥ ಮರ್ಯಾದಸ್ಥ ಎಂದುಕೊಂಡೆ. ಹಚ್ಚಿದ ಎರಡೇ ದಿನಕ್ಕೆ ಕೆರೆತ ನಿಂತಿತು. ಆ ಸಂತೋಷದಲ್ಲೇ ನೀನು ತರಬೇತಿಗೆ ಹೊರಟಾಗ ಚಕ್ಕುಲಿ ಡಬ್ಬದ ಪಕ್ಕ ಎರಡು ಟ್ಯೂಬು ಇಟ್ಟಿದ್ದು. ಆಮೇಲೆ ನೋಡು ಅದರ ಆಟ. ಹಚ್ಚಿದರೆ ಅಡಗುತ್ತದೆ, ಬಿಟ್ಟರೆ ಏಳುತ್ತದೆ. ಪ್ರತಿ ಸಲ ಏಳುವಾಗ ಸುತ್ತಳತೆ ಮಾತ್ರ ಹೆಚ್ಚು. ಮೊದಲು ಎಂಟಾಣೆ ಅಗಲ ಇದ್ದದ್ದು ಜೂನ್ ಹೊತ್ತಿಗೆ ರೊಟ್ಟಿಯಗಲ ಆಯಿತು.

ಆಗ ಕುಣಿಗಲ್ ಬಸ್ ಸ್ಟ್ಯಾಂಡಿನ ಗೋಡೆ ಮೇಲೆ ಒಂದು ಬೋರ್ಡು ಕಣ್ಣಿಗೆ ಬಿತ್ತು. ಗಂಡಸರ ಸಕಲ ರೋಗಕ್ಕೆ ಗುರುವಾರ ಮಾತ್ರ, ಲಾಡ್ಜಿನ ಮೊದಲ ಮಹಡಿ. ಹೋದೆ. ಆ ಮಹಾನುಭಾವ ಪಂಚೆ ಎತ್ತು ಎನ್ನಲೇ ಇಲ್ಲ. ನಾಡಿ ಹಿಡಿದು ಕಣ್ಣು ಮುಚ್ಚಿ, ‘ನಿಮ್ದು ರಾಜರ ಮೈ, ಒಳಗಿನ ಉಷ್ಣ ಹೊರಗೆ ಬತ್ತಾ ಅದೆ’ ಎಂದ. ನಾನು ರಾಜಾಪಾರ್ಟಿನವನು ಎಂದು ಅವನಿಗೆ ಹೇಗೆ ತಿಳಿಯಿತು ಎಂದು ಬೆರಗಾದೆ. ಈಗ ಯೋಚಿಸಿದರೆ, ಒಳಗೆ ಹೋಗುತ್ತಲೇ ನಾನೇ ಹೇಳಿ, ಒಂದು ಕಂದಪದ್ಯವನ್ನೂ ಹಾಡಿದ್ದೆ. ಸಣ್ಣ ಸೀಸೆಯಲ್ಲಿ ಭಸ್ಮ, ಕಾಗದದ ಪೊಟ್ಟಣದಲ್ಲಿ ಹೆಸರಿಲ್ಲದ ಬಿಳಿ ಗುಳಿಗೆ ಕೊಟ್ಟ. ಗುಳಿಗೆ ಬೇರೆ, ಮಾತ್ರೆ ಬೇರೆ, ಅದನ್ನು ಇದಕ್ಕೆ ಸೇರಿಸಬೇಡ. ತಿಂದೆ. ಕೆರೆತ ಮಾಯ. ಹಸಿವೆಂದರೆ ಮೂರು ಮುದ್ದೆ ಸಾಲದು. ಮುಖ ಹುಣ್ಣಿಮೆ ಚಂದ್ರನ ಹಾಗೆ ಉಬ್ಬಿ ಹೊಳೆಯತೊಡಗಿತು, ಊರಿನವರೆಲ್ಲ ಕಳೆ ಬಂತು ಎಂದರು, ನಾನೂ ನಂಬಿದೆ. ನಾಲ್ಕನೇ ಗುರುವಾರ ಹೋದರೆ ಆ ರೂಮಿನಲ್ಲಿ ಸೀರೆ ಮಾರುವವರು ಕೂತಿದ್ದರು. ಗುಳಿಗೆ ಮುಗಿದ ವಾರದೊಳಗೆ ಮೈಯೆಲ್ಲ ಹೊಲಕ್ಕೆ ಬೆಂಕಿ ಬಿದ್ದ ಹಾಗಾಯಿತು. ಮೋಸ ಮಾಡುವವನು ಮೋಸ ಮಾಡಲಿ, ಆದರೆ ನನ್ನ ಕಂದಪದ್ಯ ಕೇಳಿ ತಲೆದೂಗಿ ಮೋಸ ಮಾಡಬಾರದಿತ್ತು.

ತುಮಕೂರಿನ ಚರ್ಮದ ಡಾಕ್ಟರ ಹತ್ತಿರ ಹೋಗಿ ಎಂದು ನಿಮ್ಮತ್ತೆ ಗಿರಿಯಮ್ಮ ಹೇಳುತ್ತಲೇ ಇದ್ದಳು. ಹೋದೆನಪ್ಪ, ಹೋಗಲಿಲ್ಲ ಎನ್ನಬೇಡ. ಬಾಗಿಲು ತೆರೆದರೆ ಒಳಗೆ ಕೂತಿದ್ದವಳು ನನ್ನ ಮಗಳ ವಯಸ್ಸಿನ ಹುಡುಗಿ, ಡಾಕ್ಟರ್ ಹರ್ಷಿತಾ. ಚೀಟಿಯ ದುಡ್ಡು ಹೋದರೆ ಹೋಗಲಿ ಎಂದು ಹಾಗೇ ತಿರುಗಿ ಬಸ್ ಹತ್ತಿದೆ. ಊರಲ್ಲಿ ಡಾಕ್ಟರ್ ರಜ ಎಂದೆ. ಅಷ್ಟರಲ್ಲಿ ಮುತ್ತುರಾಜ ತಡೆಯಲಾರದೆ ಒಂದು ದಿನ ಟೀ ಅಂಗಡಿಯಲ್ಲಿ ಬಾಯಿ ಬಿಟ್ಟ. ಅವನು ಬಿಟ್ಟಿದ್ದೇ ತಡ, ಏಳು ಜನದ್ದೂ ಹೊರಗೆ ಬಂತು. ಹೆಣ್ಣು ಡಾಕ್ಟರ ಮುಂದೆ ಏಳು ಜನ ಸಾಲಾಗಿ ನಿಲ್ಲುವುದಕ್ಕಿಂತ ಒಬ್ಬ ಹೋಗಿ ಎಲ್ಲರ ಪರವಾಗಿ ತೋರಿಸಿ ಬರಲಿ ಎಂದು ತೀರ್ಮಾನವಾಯಿತು. ಯಾರು ಹೋಗಬೇಕು? ರಾಜ ಇರುವಾಗ ಮಂತ್ರಿ ಹೋಗುತ್ತಾನೆಯೇ?

ಹರ್ಷಿತಾ ಎರಡು ನಿಮಿಷ ನೋಡಿದಳು ಅಷ್ಟೆ, ಮುಖ ಕೂಡ ಕಿವುಚಲಿಲ್ಲ. ಆಮೇಲೆ ಅಂದಳು ಕಣೋ, ಇದು ಬೂಷ್ಟು ಎಂದು. ಉಪ್ಪಿನಕಾಯಿ ಜಾಡಿಗೆ ನೀರು ಸೋಕಿದರೆ ಮೇಲೆ ಕಟ್ಟುತ್ತದಲ್ಲ, ಅದೇ ಜಾತಿಯದು. ನನ್ನ ಮೈಮೇಲೆ! ಹಳಸಿದ ಪದಾರ್ಥಕ್ಕೆ ಬರುವುದು ನನಗೇಕೆ ಬರಬೇಕು ಎಂದು ಕೇಳಿಯೇಬಿಟ್ಟೆ. ಬೆವರಿಗೂ ಬಿಗಿ ಬಟ್ಟೆಗೂ ಬರುತ್ತದೆ, ರಾಜ ರೈತ ಎಂದು ನೋಡುವುದಿಲ್ಲ ಎಂದಳು. ಇಷ್ಟು ಅಗಲ ಹಬ್ಬಿದ ಮೇಲೆ ಬರೀ ಹೊರಗೆ ಹಚ್ಚಿದರೆ ಸಾಲದು, ಬಾಯಿಂದ ತಿಂದು ಒಳಗಿಂದಲೇ ಓಡಿಸಬೇಕು ಎಂದು, ಲಿವರ್ ಹೇಗಿದೆ ನೋಡಲು ರಕ್ತ ತೆಗೆಸಿ, ಕ್ಯಾಪ್ಸೂಲು ಬರೆದಳು. ದಿನಕ್ಕೆ ಎರಡು, ಊಟವಾದ ಕೂಡಲೇ. ಹದಿನಾಲ್ಕು ದಿನಕ್ಕೆ ಇಪ್ಪತ್ತೆಂಟು, ಮುಗಿಯುತ್ತಲೇ ಬಂದು ತೋರಿಸಬೇಕು, ಕೆರೆತ ನಿಂತರೂ ನಿಲ್ಲಿಸಬಾರದು, ಅಲ್ಲಿಯವರೆಗೆ ಕುಡಿಯಬಾರದು, ಮನೆಯವರನ್ನೂ ಕರೆದುಕೊಂಡು ಬರಬೇಕು. ಟ್ಯೂಬಿನ ಬಗ್ಗೆಯೂ ಏನೋ ಹೇಳಿದಳು, ಅದನ್ನು ಆಮೇಲೆ ಬರೆಯುತ್ತೇನೆ.

ಈಗ ನೀನೇ ನ್ಯಾಯ ಹೇಳು. ನಮ್ಮ ನಾಟಕದ ತಂಡಕ್ಕೆ ಒಂದು ಕಟ್ಟುಪಾಡಿದೆ. ಬಣ್ಣ ಹಚ್ಚಿದ ಮೇಲೆ ಒಬ್ಬನಿಗೆ ಸಿಕ್ಕಿದ್ದು ಎಲ್ಲರಿಗೂ ಸಲ್ಲಬೇಕು. ಅಭಿಮಾನಿಗಳು ರಾಜನಿಗೆ ಕೊಟ್ಟ ಬಾಳೆಗೊನೆಯನ್ನೂ ಚಿಪ್ಪು ಎಣಿಸಿ ಹಂಚುತ್ತೇವೆ. ಏಳು ಜನರ ಪರವಾಗಿ ಹೋದವನು ಇಪ್ಪತ್ತೆಂಟನ್ನೂ ಒಬ್ಬನೇ ನುಂಗಿದರೆ ಯಾವ ಮುಖ ಇಟ್ಟುಕೊಂಡು ಸಿಂಹಾಸನದ ಮೇಲೆ ಕೂರಲಿ? ತಲೆಗೆ ನಾಲ್ಕರಂತೆ ಹಂಚಿದೆ, ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ. ಎರಡು ದಿನ ತಿಂದೆವು. ನಾಲ್ಕಾರು ದಿನದಲ್ಲಿ ಎಲ್ಲರಿಗೂ ಹಗುರ. ಆ ಸಂತೋಷಕ್ಕೆ ಕೋಳಿ ಕುಯ್ದು, ಅದರ ಜೊತೆಗೆ ಏನು ಬೇಕೋ ಅದೂ ಆಯಿತು. ಹದಿನೈದು ದಿನ ಕಳೆಯುವಷ್ಟರಲ್ಲಿ ಏಳು ಜನಕ್ಕೂ ಮೊದಲಿನ ಎರಡರಷ್ಟು ಎದ್ದಿತು. ಸೇನಾಪತಿಗೆ ಕೊರಳವರೆಗೆ.

ಆಗಸ್ಟ್ ಕೊನೆಗೆ ಮತ್ತೆ ತುಮಕೂರಿಗೆ ಹೊರಟು ನಿಂತಾಗ ನಿಮ್ಮತ್ತೆ ಸೀರೆ ಉಟ್ಟು ಚೀಲ ಹಿಡಿದು ತಾನೂ ಬಾಗಿಲಲ್ಲಿ ನಿಂತಿದ್ದಳು. ನೀನೇಕೆ ಎಂದೆ. ‘ನಂಗೂ ಅದೇ ಕಣ್ರೀ, ಮೇ ತಿಂಗ್ಳಿಂದ’ ಎಂದಳು. ನಾಲ್ಕು ತಿಂಗಳು ಬೇವಿನ ಸೊಪ್ಪು ಅರೆದು ಹಚ್ಚಿಕೊಂಡು, ಅದೇ ಮೈಯಲ್ಲಿ ಹಸು ಕರೆದು ಒಲೆ ಮುಂದೆ ಕೂತಿದ್ದಾಳೆ. ಯಾಕೆ ಹೇಳಲಿಲ್ಲ ಎಂದು ರೇಗಿದೆ. ‘ನೀವು ಕೆರ್ಕೊಳೋ ಸದ್ದೇ ಜಾಸ್ತಿ ಇತ್ತು, ನಂದೆಲ್ಲಿ ಕೇಳ್ತದೆ’ ಎಂದಳು. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಅವಳಿಗೆ ಬಿಟ್ಟು, ಅವಳ ಚೀಲವನ್ನು ನನ್ನ ತೊಡೆ ಮೇಲೆ ಇಟ್ಟುಕೊಂಡೆ. ಅವಳ ಚೀಲ ನಾನು ಹಿಡಿದದ್ದು ಮದುವೆಯಾದ ಹೊಸದರಲ್ಲಿ ಕೂಡ ಇಲ್ಲ.

ಕ್ಯಾಪ್ಸೂಲು ಹಂಚಿದ ಸಂಗತಿಯನ್ನು ಹರ್ಷಿತಾಳ ಮುಂದೆ ಒಪ್ಪಿಕೊಂಡೆ. ಬೈಯುತ್ತಾಳೆಂದು ಎದೆ ಉಬ್ಬಿಸಿಕೊಂಡು ಕೂತಿದ್ದೆ. ‘ಒಂದ್ ಎಕ್ರೆಗೆ ಹೊಡೆಯೋ ಔಷಧೀನ ಏಳು ಎಕ್ರೆಗೆ ಹೊಡೀತೀರಾ ಯಜಮಾನ್ರೇ?’ ಎಂದಳು. ಅರ್ಧ ಔಷಧಿಗೆ ಬೂಷ್ಟು ಸಾಯುವುದಿಲ್ಲ, ಗಟ್ಟಿಯಾಗುತ್ತದೆ ಎಂದಳು. ಒಬ್ಬೊಬ್ಬರ ಲಿವರ್ ಒಂದೊಂದು ಥರ, ನಿಮ್ಮ ರಕ್ತ ನೋಡಿ ಬರೆದದ್ದನ್ನು ಬೇರೆಯವರು ತಿಂದು ಹೆಚ್ಚುಕಮ್ಮಿಯಾಗಿದ್ದರೆ ಯಾರು ಹೊಣೆ ಎಂದೂ ಕೇಳಿದಳು. ಸಿಟ್ಟು ಬಂತು. ಔಷಧಿ ಹೊಡೆಯುವುದನ್ನು ನನಗೆ, ಮೂವತ್ತು ವರ್ಷದಿಂದ ಹೊಲ ಮಾಡುವ ರೈತನಿಗೆ ಹೇಳಿಕೊಡುತ್ತಾಳಲ್ಲ ಎಂದು. ಮನಸ್ಸಿನಲ್ಲೇ ಎಕರೆ ಲೆಕ್ಕ ಹಾಕಿ ನೋಡಿದೆ, ಅವಳದೇ ಸರಿಯಿತ್ತು. ಕುಡಿಯುತ್ತೀರಾ ಎಂದಾಗ ಇಲ್ಲ ಎಂದೆ, ಪಕ್ಕದಲ್ಲಿ ನಿಮ್ಮತ್ತೆ ಕೆಮ್ಮಿದಳು, ಹರ್ಷಿತಾ ಆ ಕೆಮ್ಮನ್ನೂ ಬರೆದುಕೊಂಡಳು.

ಈಗ ನಾವಿಬ್ಬರೂ ಬೇರೆ ಬೇರೆ ಚೀಟಿ, ಬೇರೆ ಬೇರೆ ಟವೆಲ್. ಬಟ್ಟೆಯನ್ನು ಕುದಿಯುವ ನೀರಲ್ಲಿ ಅದ್ದಿ, ಒಳಮಗ್ಗುಲು ಮೇಲೆ ಮಾಡಿ ಬಿಸಿಲಿಗೆ ಹಾಕುತ್ತೇವೆ. ಉಳಿದ ಆರು ಜನವನ್ನೂ ನಾನೇ ಎರಡು ಕಂತಿನಲ್ಲಿ ಬಸ್ ಹತ್ತಿಸಿ ಹರ್ಷಿತಾಳ ಮುಂದೆ ನಿಲ್ಲಿಸಿ ಬಂದೆ. ಇವತ್ತು ಬೆಳಿಗ್ಗೆ ನಾನು ತಿಂದದ್ದು ನಲವತ್ತೊಂದನೆಯದು. ಅದು ಕ್ಯಾಪ್ಸೂಲು, ಮಾತ್ರೆಯಲ್ಲ. ಸುತ್ತಿನ ಅಂಚು ಕರಗಿ ಬರೀ ಕಪ್ಪು ಕಲೆ ಉಳಿದಿದೆ, ಆದರೂ ಇನ್ನೂ ಮೂರು ವಾರ ಎಂದಿದ್ದಾಳೆ. ನಿನ್ನ ಪತ್ರ ಬಂದ ದಿನ ನನ್ನ ಪಾಲಿನಿಂದ ಹದಿನಾಲ್ಕು ತೆಗೆದು ಚಕ್ಕುಲಿ ಡಬ್ಬದ ತಳಕ್ಕೆ ಇಟ್ಟೆ, ಪಾರ್ಸೆಲ್ ಮಾಡೋಣ ಎಂದು. ನಿಮ್ಮತ್ತೆ ಡಬ್ಬ ತೆಗೆದು ನೋಡಿ, ‘ಮತ್ತೆ ಹಂಚೋಕ್ ಹೊಂಟ್ರಾ?’ ಎಂದು ಒಂದೊಂದನ್ನೂ ಹೆಕ್ಕಿ ಎತ್ತಿಟ್ಟಳು. ಅದಕ್ಕೇ ಈ ಸಲ ಬರೀ ಚಕ್ಕುಲಿ ಬರುತ್ತದೆ.

ಅಕ್ಕ ಕೇಳಿದ್ದಾಳೆಂದು ಬರೆಯುತ್ತೇನೆ, ಎಣ್ಣೆ ಹಚ್ಚಿ ಸ್ನಾನ ಮಾಡು. ನಾನು ಹೇಳುವುದು, ಮಾಡಿದ ಮೇಲೆ ಸಂದುಗೊಂದೆಲ್ಲ ಒಣಗುವಂತೆ ಒರೆಸಿಕೋ. ನಿನ್ನ ಕಾಲು ಗಟ್ಟಿಯಾಗಲಿ, ಓಟದಲ್ಲಿ ಮುಂದಿರು, ಖಾಕಿ ತೊಟ್ಟು ಊರಿಗೆ ಬಂದಾಗ ಮೊದಲು ಸೆಲ್ಯೂಟ್ ಹೊಡೆಯುವುದು ನನಗೇ ಇರಲಿ. ಗಿರಿಯಮ್ಮನ ಆಶೀರ್ವಾದವೂ ಇದರಲ್ಲಿ ಸೇರಿದೆ.

ಇಂತಿ ನಿನ್ನ ಮಾವ,
ಗುಂಡಯ್ಯ (ರಾಜಾಪಾರ್ಟು)

ಮರೆತಿದ್ದೆ: ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ. ಟ್ಯೂಬು ಕಳಿಸುವುದಿಲ್ಲ. ಇರುವುದನ್ನು ಇವತ್ತೇ ಬಿಸಾಡು, ಬ್ಯಾರಕ್ಕಿನಲ್ಲಿ ಯಾರಿಗಾದರೂ ಕೊಟ್ಟಿದ್ದರೆ ಅವರದ್ದನ್ನೂ ಕಿತ್ತುಕೊಂಡು ಬಿಸಾಡು. ಅದರಲ್ಲಿರುವ ಸ್ಟೀರಾಯ್ಡು ಕೆರೆತವನ್ನು ಮಲಗಿಸಿ ಬೂಷ್ಟನ್ನು ಸಾಕುತ್ತದೆ. ಲಾಡ್ಜಿನವನ ಗುಳಿಗೆಯೂ ಅದೇ ಇರಬೇಕೆಂದು ನನ್ನ ಉಬ್ಬಿದ ಮುಖ ನೋಡಿಯೇ ಹರ್ಷಿತಾ ಹೇಳಿದಳು. ಇದನ್ನೆಲ್ಲ ಅವಳು ನನಗೆ ಹೇಳಿದ್ದು ಜುಲೈನಲ್ಲೇ. ನಿನಗೆ ಬರೆದರೆ ನಾನು ಮೋಸ ಹೋದದ್ದನ್ನೂ ಬರೆಯಬೇಕಾಗುತ್ತದೆಂದು ಎರಡು ತಿಂಗಳು ಸುಮ್ಮನಿದ್ದೆ. ಆ ಎರಡು ತಿಂಗಳೂ ನೀನು ಹಚ್ಚಿಕೊಂಡೇ ಓಡಿದೆ. ಬೆನ್ನಿಗೆ ಏರಿದ್ದು ನನ್ನಿಂದ ಕಣೋ. ನಾಳೆ ಬೆಳಿಗ್ಗೆಯೇ ಅಲ್ಲಿಯ ಡಾಕ್ಟರ ಮುಂದೆ ನಿಂತು ತೋರಿಸು, ಗಂಡಾಗಲಿ ಹೆಣ್ಣಾಗಲಿ. ಅವರು ಬರೆದದ್ದನ್ನು ನೀನೊಬ್ಬನೇ, ಪೂರ್ತಿ, ಅವರು ಸಾಕು ಎನ್ನುವವರೆಗೆ ತಿನ್ನು. ತೋರಿಸಲು ಹಿಡಿಯುವುದು ಎರಡು ನಿಮಿಷ. ಆ ಎರಡು ನಿಮಿಷದ ನಾಚಿಕೆ ತಪ್ಪಿಸಿಕೊಳ್ಳಲು ಲಾಡ್ಜಿನವನಿಗೆ ನಾನು ಕೊಟ್ಟದ್ದು ಎಂಟುನೂರು ಎಂದು ನಿಮ್ಮವ್ವನಿಗೂ ಗಿರಿಯಮ್ಮನಿಗೂ ಹೇಳಿದ್ದೇನೆ. ಕೊಟ್ಟದ್ದು ಇಪ್ಪತ್ತಾರು ಸಾವಿರದ ನಾಲ್ಕುನೂರು.